ನಿರ್ಮಾಪಕನ ಹೆಸರಿಲ್ಲದ ಕಾರು

ಓಟದ ಕಾರುಗಳ ಮಾತು ಬಂದಾಗ ಫೆರಾರಿ ಎಂಬ ಹೆಸರನ್ನು ಕೇಳದವರು ವಿರಳ. ಆದರೆ ಎಂಜೊ ಫೆರಾರಿಯು ಸ್ವತಂತ್ರವಾಗಿ ನಿರ್ಮಿಸಿದ ಮೊದಲ ಕಾರಿನ ಮೇಲೆ ಆ ಹೆಸರಿರಲಿಲ್ಲ. ಅದನ್ನು ಬರೆಯುವ ಹಕ್ಕು ಆಗ ಅವನಿಗೇ ಇರಲಿಲ್ಲ.

1898ರಲ್ಲಿ ಇಟಲಿಯ ಮೋದೆನ ನಗರದಲ್ಲಿ ಜನಿಸಿದ ಎಂಜೊ, ಆಲ್ಫಾ ರೋಮಿಯೋ ಸಂಸ್ಥೆಯ ಓಟಗಾರನಾಗಿದ್ದನು. 1929ರಲ್ಲಿ ಅವನು ಕಟ್ಟಿದ ತಂಡವೂ ಮುಖ್ಯವಾಗಿ ಆಲ್ಫಾ ಕಾರುಗಳನ್ನೇ ಓಡಿಸುತ್ತಿತ್ತು. 1939ರಲ್ಲಿ ಭಿನ್ನಾಭಿಪ್ರಾಯವುಂಟಾಗಿ ಅವನು ಸಂಸ್ಥೆಯಿಂದ ಹೊರಬಂದನು. ನಾಲ್ಕು ವರ್ಷಗಳ ಕಾಲ ಓಟದ ಕ್ಷೇತ್ರದಲ್ಲಿ ಫೆರಾರಿ ಎಂಬ ಹೆಸರನ್ನು ಬಳಸಕೂಡದೆಂದು ಕರಾರಾಯಿತು. ನಲವತ್ತು ದಾಟಿದ ಮನುಷ್ಯನಿಗೆ ತನ್ನ ಹೆಸರೇ ನಿಷಿದ್ಧವಾಯಿತು!

ಎಂಜೊ ಸುಮ್ಮನೆ ಕೂರಲಿಲ್ಲ. ಮೋದೆನದಲ್ಲಿ 'ಆಟೊ ಆವಿಯೊ ಕೊಸ್ತ್ರುಸಿಯೋನಿ' ಎಂಬ ಕಾರ್ಖಾನೆಯನ್ನು ತೆರೆದನು. ಮೋಟಾರು ಮತ್ತು ವಿಮಾನ ನಿರ್ಮಾಣಶಾಲೆ ಎಂದು ಅದರರ್ಥ. ಒಡೆಯನ ಸುಳಿವೇ ಇಲ್ಲದ ಹೆಸರು. ಅದೇ ಡಿಸೆಂಬರಿನಲ್ಲಿ ಇಬ್ಬರು ತರುಣರು, ಮುಂದಿನ ಏಪ್ರಿಲಿನಲ್ಲಿ ಬ್ರೆಶಾದಲ್ಲಿ ನಡೆಯಲಿದ್ದ ದೀರ್ಘ ಓಟಕ್ಕೆ ತಲಾ ಒಂದು ಕಾರು ಬೇಕೆಂದು ಕೇಳಿದರು. ಒಬ್ಬನು ಶ್ರೀಮಂತ ಮನೆತನದ ಲೊತಾರಿಯೊ ರಂಗೋನಿ. ಇನ್ನೊಬ್ಬನು ಆಲ್ಬೆರ್ತೊ ಆಸ್ಕಾರಿ. ಎಂಜೊವಿನ ಸಹ ಓಟಗಾರನಾಗಿದ್ದ ಅವನ ತಂದೆಯು 1925ರಲ್ಲಿ ಫ್ರಾನ್ಸಿನ ಓಟವೊಂದರಲ್ಲಿ ಮಡಿದಿದ್ದನು.

ಉಳಿದಿದ್ದುದು ನಾಲ್ಕೇ ತಿಂಗಳು. ಅಷ್ಟರಲ್ಲಿ ಎಲ್ಲವನ್ನೂ ಹೊಸದಾಗಿ ರಚಿಸುವುದು ಅಸಾಧ್ಯ. ಆದಕಾರಣ ಫಿಯೆಟ್ 1100 ಎಂಬ ಸಾಧಾರಣ ಕಾರಿನ ಬಿಡಿಭಾಗಗಳನ್ನು ಆಶ್ರಯಿಸಬೇಕಾಯಿತು. ಆ ಕಾರಿನ ಎಂಜಿನಿಗೆ ನಾಲ್ಕೇ ಸಿಲಿಂಡರುಗಳು. ಆಲ್ಬೆರ್ತೊ ಮಾಸ್ಸಿಮಿನೊ ಮತ್ತು ಅವನ ಸಂಗಡಿಗರು ಅಂಥ ಎರಡು ಎಂಜಿನುಗಳ ಮೇಲ್ಭಾಗಗಳನ್ನು ಒಂದರ ಹಿಂದೊಂದು ಜೋಡಿಸಿ, ಅವಕ್ಕೆ ಹೊಂದುವ ಬ್ಲಾಕನ್ನು ಬೇರೆಯಾಗಿ ಎರಕ ಹೊಯ್ಯಿಸಿದರು. ಕೇಳಲು ಸುಲಭವೆನಿಸುವ ಈ ಕೆಲಸ ವಾಸ್ತವವಾಗಿ ಕಠಿನವಾದುದು. ಎಂಟು ಸಿಲಿಂಡರುಗಳ ಬಲವನ್ನು ಹೊತ್ತು ತಿರುಗುವ ಕ್ರ್ಯಾಂಕ್ ದಂಡವು ಉದ್ದವಾದಷ್ಟೂ ತಿರುಚಿಕೊಳ್ಳುವ ಅಪಾಯ ಹೆಚ್ಚು. ಎಂಟು ಸಿಲಿಂಡರು, ಒಂದೂವರೆ ಲೀಟರು ಗಾತ್ರ. ಹೀಗಾಗಿ ಕಾರಿಗೆ 815 ಎಂಬ ಅಂಕಿಯೇ ಹೆಸರಾಯಿತು. ಮಿಲಾನಿನ ಟೂರಿಂಗ್ ಸಂಸ್ಥೆಯು ಹಗುರವಾದ ಮಿಶ್ರಲೋಹದಿಂದ ನೀಳವಾದ ಮೈಯನ್ನು ರೂಪಿಸಿತು. ಕಾರಿನ ವೇಗ ಗಂಟೆಗೆ ಸುಮಾರು 170 ಕಿಲೋಮೀಟರು.

1940ರ ಏಪ್ರಿಲ್ 28ರಂದು ಎರಡೂ ಕಾರುಗಳು ಓಟಕ್ಕಿಳಿದವು. ಒಂಬತ್ತು ಸುತ್ತು, ಸುಮಾರು 1500 ಕಿಲೋಮೀಟರು ದೂರ. ಆಸ್ಕಾರಿಯ ಕಾರು ಆರಂಭದಲ್ಲಿಯೇ ಕೆಟ್ಟು ನಿಂತಿತು. ರಂಗೋನಿ ಮಾತ್ರ ತನ್ನ ವರ್ಗದ ಎಲ್ಲ ಕಾರುಗಳಿಗಿಂತ ಅರ್ಧ ಗಂಟೆಗೂ ಮಿಗಿಲಾಗಿ ಮುಂದಿದ್ದನು. ಗೆಲುವು ಕೈಗೆಟುಕುವಷ್ಟು ಸಮೀಪಿಸಿದಾಗ ಅವನ ಕಾರೂ ನಿಂತುಹೋಯಿತು. ವೇಗಕ್ಕೆ ಕೊರತೆಯಿರಲಿಲ್ಲ, ಸಾಕಷ್ಟು ಪರೀಕ್ಷಿಸಲು ಕಾಲಾವಕಾಶವಿರಲಿಲ್ಲ.

ಆರು ವಾರಗಳಲ್ಲಿ ಇಟಲಿಯು ಮಹಾಯುದ್ಧವನ್ನು ಪ್ರವೇಶಿಸಿತು. ರಂಗೋನಿ ಯುದ್ಧಕಾಲದಲ್ಲಿ ತೀರಿಕೊಂಡನು. ಅವನ ಕಾರು ಕಡೆಗೆ ಗುಜರಿಯ ಪಾಲಾಯಿತು. ಕರಾರಿನ ಅವಧಿ ಮುಗಿದ ಬಳಿಕ, 1947ರಲ್ಲಿ, ಎಂಜೊ ಮರನೆಲ್ಲೊ ಊರಿನಲ್ಲಿ ತನ್ನ ಹೆಸರಿನ ಮೊದಲ ಕಾರಾದ 125 ಎಸ್ ಅನ್ನು ಹೊರತಂದನು. ಆಸ್ಕಾರಿ 1952 ಮತ್ತು 1953ರಲ್ಲಿ ಫೆರಾರಿ ಕಾರುಗಳನ್ನೇ ಓಡಿಸಿ ವಿಶ್ವವಿಜೇತನಾದನು. 1955ರಲ್ಲಿ ತಂದೆಯಂತೆಯೇ ಓಟದ ಹಾದಿಯಲ್ಲಿ ಪ್ರಾಣಬಿಟ್ಟನು.

ಅವನು ಬ್ರೆಶಾದಲ್ಲಿ ಓಡಿಸಿದ ಕಾರು ಕೈಯಿಂದ ಕೈಗೆ ಸಾಗಿ, ಮೋದೆನದ ಸಮೀಪದ ಹಳೆಯ ಕೋಟೆಯೊಂದರಲ್ಲಿನ ಸಂಗ್ರಹವನ್ನು ಸೇರಿತು. ಫೆರಾರಿಯ ಜಗದ್ವಿಖ್ಯಾತ ಕುದುರೆಯ ಲಾಂಛನ ಅದರ ಮೈಮೇಲಿಲ್ಲ.