ಮೂರ್ತಿ ಚಿಕ್ಕದು, ಕೀರ್ತಿ ದೊಡ್ಡದು

ವಿಡಿಯೋ ಗೇಮ್ ಯಂತ್ರಗಳು ಆರೇಳು ವರ್ಷಗಳಿಗೊಮ್ಮೆ ಹೊಸ ಅವತಾರವನ್ನು ತಾಳುತ್ತವೆ. ಹೊಸದು ಹಳೆಯದಕ್ಕಿಂತ ಇಷ್ಟು ಪಟ್ಟು ಬಲಶಾಲಿಯೆಂಬ ಡಂಗುರವೂ ಅದರೊಡನೆ ಅಂಗಡಿಗೆ ಬರುತ್ತದೆ. ಆ ಅಂಕಿಗಳು ಸುಳ್ಳಲ್ಲ. ಆದರೆ ಮಕ್ಕಳ ಒತ್ತಾಯಕ್ಕೆ ಮಣಿದು ಹಣ ತೆರುವ ಗೃಹಸ್ಥರು, ಅವು ಯಾವುದರ ಅಳತೆ ಎಂಬುದನ್ನು ವಿಚಾರಿಸುವುದು ಲೇಸು.

೧೯೭೭ರಲ್ಲಿ ಅಮೆರಿಕದ ಅಟಾರಿ ಸಂಸ್ಥೆಯು ಹೊರತಂದ ಯಂತ್ರದ ಸ್ಮರಣಕೋಶದಲ್ಲಿದ್ದುದು ಕೇವಲ ೧೨೮ ಬೈಟು. ಇಂದಿನ ಗಣಕಗಳಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಸಾಮಾನ್ಯವಾಗಿ ಮೂರು ಬೈಟು ಬೇಕಾಗುವುದರಿಂದ, ಈ ಒಂದು ವಾಕ್ಯಕ್ಕೂ ಅಲ್ಲಿ ಸ್ಥಳ ಸಾಲದು! ೨೦೨೦ರಲ್ಲಿ ಬಂದ ಸೋನಿ ಸಂಸ್ಥೆಯ ಪ್ಲೇಸ್ಟೇಷನ್ ೫ರಲ್ಲಿ ೧೬ ಗಿಗಾಬೈಟು. ಎಂದರೆ ೧೩ ಕೋಟಿ ಪಟ್ಟಿಗೂ ಹೆಚ್ಚು. ಆಟದ ಆನಂದವೂ ಅಷ್ಟೇ ಪಟ್ಟು ಬೆಳೆಯಿತೆನ್ನಲಾದೀತೆ?

ಅಟಾರಿ ಯಂತ್ರದಲ್ಲಿ ಪೂರ್ಣ ಚಿತ್ರವೊಂದನ್ನು ಇರಿಸಿಕೊಳ್ಳಲು ಎಡೆಯೇ ಇರಲಿಲ್ಲ. ಟೆಲಿವಿಷನ್ ತೆರೆಯ ಮೇಲೆ ಕಿರಣವು ಗೆರೆಗೆರೆಯಾಗಿ ಹಾಯುತ್ತಿದ್ದಂತೆಯೇ, ಆಯಾ ಗೆರೆಯಲ್ಲಿ ಕಾಣಬೇಕಾದುದನ್ನು ಪ್ರೋಗ್ರಾಮು ಆ ಕ್ಷಣಕ್ಕೇ ಒದಗಿಸಬೇಕಾಗಿತ್ತು. ಯಂತ್ರದ ಬಡತನವನ್ನು ಅದನ್ನು ಬರೆದವರ ಜಾಣ್ಮೆಯು ತುಂಬಿಕೊಟ್ಟಿತು.

ಒಂದೇ ಪೀಳಿಗೆಯ ಯಂತ್ರಗಳನ್ನು ಹೋಲಿಸಿದರೂ ಬಲವೇ ಗೆದ್ದಿತೆನ್ನುವಂತಿಲ್ಲ. ೧೯೮೯ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯು ಗುನ್‌ಪೇ ಯೊಕೊಯಿ ಅವರ ನೇತೃತ್ವದಲ್ಲಿ 'ಗೇಮ್ ಬಾಯ್' ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರವನ್ನು ತಯಾರಿಸಿತು. ಅದಕ್ಕೆ ಬಣ್ಣವಿಲ್ಲ, ತೆರೆಗೆ ಸ್ವಂತ ಬೆಳಕಿಲ್ಲ. ಅದೇ ವರ್ಷ ಬಂದ ಅಟಾರಿಯ 'ಲಿಂಕ್ಸ್' ಯಂತ್ರಕ್ಕೆ ಎರಡೂ ಇದ್ದವು. ಆದರೆ ಲಿಂಕ್ಸ್ ಆರು ಬ್ಯಾಟರಿಗಳನ್ನು ಕೆಲವೇ ಗಂಟೆಗಳಲ್ಲಿ ಬರಿದುಮಾಡುತ್ತಿತ್ತು. ಗೇಮ್ ಬಾಯ್ ನಾಲ್ಕರಲ್ಲಿಯೇ ಹತ್ತು ಗಂಟೆಗೂ ಮೀರಿ ನಡೆಯುತ್ತಿತ್ತು. ಬೆಲೆಯೂ ಸುಮಾರು ಅರ್ಧ. ಜೊತೆಗೆ 'ಟೆಟ್ರಿಸ್' ಎಂಬ ಸರಳವಾದ, ಬಿಡಲಾರದ ಆಟ. ಮುಂದೆ ಬಂದ ಬಣ್ಣದ ಆವೃತ್ತಿಯೂ ಸೇರಿ ಗೇಮ್ ಬಾಯ್ ೧೧ ಕೋಟಿಗೂ ಹೆಚ್ಚು ಮಾರಾಟವಾಯಿತು. ಲಿಂಕ್ಸನ್ನು ಇಂದು ಬಲ್ಲವರೇ ವಿರಳ. ೨೦೦೬ರಲ್ಲಿಯೂ ಹೀಗೆಯೇ ಆಯಿತು: ಬಲದಲ್ಲಿ ಬಹಳ ಹಿಂದಿದ್ದ ನಿಂಟೆಂಡೊ 'ವೀ', ಕೈ ಬೀಸಿದರೆ ಸಾಕು, ಅಜ್ಜಿಯೂ ಆಡಬಹುದೆಂಬ ಗುಣದಿಂದ ಪ್ಲೇಸ್ಟೇಷನ್ ೩ನ್ನು ಮಾರಾಟದಲ್ಲಿ ಮೀರಿಸಿತು.

ಬಲವೇ ಬೇಡವೆಂದಲ್ಲ. ೧೯೯೬ರ ನಿಂಟೆಂಡೊ ೬೪ರ ಶಕ್ತಿಯಿಲ್ಲದಿದ್ದರೆ 'ಸೂಪರ್ ಮಾರಿಯೊ ೬೪'ರಲ್ಲಿ ಆಟಗಾರನು ಆಳ ಅಗಲಗಳುಳ್ಳ ಲೋಕದಲ್ಲಿ ಮನಬಂದತ್ತ ಅಲೆಯುವುದು ಸಾಧ್ಯವಾಗುತ್ತಿರಲಿಲ್ಲ. ಬಲವು ಹೊಸ ಬಗೆಯ ಆಟಕ್ಕೆ ಬಾಗಿಲು ತೆರೆದಾಗ ಅದಕ್ಕೆ ಬೆಲೆಯುಂಟು; ಅದೇ ಆಟವನ್ನು ಇನ್ನಷ್ಟು ನುಣುಪಾಗಿ ತೋರಿಸುವುದಷ್ಟೇ ಆದರೆ ಮನೆಯಲ್ಲಿರುವ ಹಳೆಯ ಯಂತ್ರವೇ ಇನ್ನೆರಡು ವರ್ಷ ಸಾಕು. ಆದುದರಿಂದ ಅಂಗಡಿಯಲ್ಲಿ ಮೊದಲು ಕೇಳಬೇಕಾದುದು ಯಂತ್ರದ ಅಂಕಿಯನ್ನಲ್ಲ, ಅದರಲ್ಲಿ ಆಡಬಹುದಾದ ಆಟಗಳ ಹೆಸರನ್ನು.