ಉಡುಪಿ ಹೋಟೆಲುಗಳ ಆದ್ಯರು: ಸಂಗ್ರಹಾಲಯದ ಫಲಕ ಮತ್ತು ದಾಖಲೆಯ ನಿಖರತೆ

ಕರಾವಳಿಯಿಂದ ಮದ್ರಾಸು, ಮುಂಬಯಿ, ಬೆಂಗಳೂರುಗಳಿಗೆ ಹೋಗಿ ಊಟ-ಉಪಾಹಾರದ ಉದ್ಯಮವನ್ನು ಕಟ್ಟಿದವರನ್ನು ಕುರಿತ ಬರವಣಿಗೆ ಬಹುಮಟ್ಟಿಗೆ ಅಭಿನಂದನ ಗ್ರಂಥ, ಸ್ಮರಣ ಸಂಚಿಕೆ, ಜಾಹೀರಾತುಗಳ ರೂಪದಲ್ಲಿ ದೊರೆಯುತ್ತದೆ. ಗೌರವಿಸುವುದು ಇಂತಹ ಬರಹದ ಉದ್ದೇಶ. ಸಾಕ್ಷ್ಯವನ್ನು ಒರೆಗೆ ಹಚ್ಚುವ ಹೊಣೆ ಅದಕ್ಕಿಲ್ಲ. ಸಂಗ್ರಹಾಲಯ ಮತ್ತು ಪತ್ರಾಗಾರಗಳು ಇದೇ ಸಾಮಗ್ರಿಯನ್ನು ಎತ್ತಿಕೊಂಡಾಗ ತೊಡಕು ಆರಂಭವಾಗುತ್ತದೆ. ಗಾಜಿನ ಪೆಟ್ಟಿಗೆಯ ಪಕ್ಕದಲ್ಲಿ ಮುದ್ರಿತವಾದ ಎರಡು ಸಾಲು, ಮುಂದಿನ ಸಂಶೋಧಕನ ಪಾಲಿಗೆ ಆಕರವಾಗಿಬಿಡುತ್ತದೆ.

ಮೊದಲ ತೊಡಕು ಊರಿನದು. ಮದ್ರಾಸಿನ ವುಡ್‌ಲ್ಯಾಂಡ್ಸ್ ಹೋಟೆಲಿನ ಸ್ಥಾಪಕ ಕೆ. ಕೃಷ್ಣರಾಯರು ಕಡಂದಲೆಯವರು. ಮೂಡುಬಿದಿರೆಯ ಪರಿಸರದ ಈ ಗ್ರಾಮ ಇಂದು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದೆ. ಉಡುಪಿ ಜಿಲ್ಲೆ ರೂಪುಗೊಂಡದ್ದು 1997ರಲ್ಲಿ. ಆದ್ದರಿಂದ ‘ಉಡುಪಿ ಜಿಲ್ಲೆಯ ಹೋಟೆಲ್ ಉದ್ಯಮಿ’ ಎಂಬ ವಿವರಣೆ ಅವರ ಕಾಲಕ್ಕೂ ಸಲ್ಲದು, ಇಂದಿನ ಗಡಿಗೂ ಸಲ್ಲದು. ಅವರು ಹುಟ್ಟಿದ್ದು ಮದ್ರಾಸು ಪ್ರೆಸಿಡೆನ್ಸಿಯ ದಕ್ಷಿಣ ಕೆನರಾ ಜಿಲ್ಲೆಯಲ್ಲಿ. ಆ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಈ ಅಂಶಕ್ಕೆ ನೇರ ಪ್ರಯೋಜನವೂ ಇದೆ. ಅಂದಿನ ಕರಾವಳಿಯ ಯುವಕನಿಗೆ ಮದ್ರಾಸು ಪರರಾಜ್ಯವಲ್ಲ, ತನ್ನದೇ ಪ್ರಾಂತದ ರಾಜಧಾನಿ. ಆತನಿಗೆ ಸಂಬಂಧಿಸಿದ ಸರಕಾರಿ ಕಡತಗಳನ್ನು ಬೆಂಗಳೂರಿನಲ್ಲಿ ಅರಸುವುದಕ್ಕಿಂತ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿ ಅರಸುವುದು ಲೇಸು. ತಪ್ಪು ಜಿಲ್ಲೆಯನ್ನು ನಮೂದಿಸಿದ ಸೂಚಿಪತ್ರವು ಓದುಗನನ್ನು ತಪ್ಪು ಊರಿಗೇ ಕಳುಹಿಸುತ್ತದೆ.

‘ವುಡ್‌ಲ್ಯಾಂಡ್ಸ್’ ಎಂಬ ಹೆಸರಿಗೂ ಇದೇ ಎಚ್ಚರ ಬೇಕು. ರಾಯಪೇಟೆಯಲ್ಲಿದ್ದ ರಾಮನಾಡಿನ ಅರಸರ ಬಂಗಲೆಯ ಹೆಸರದು. ಕೃಷ್ಣರಾಯರು 1938ರಲ್ಲಿ ಅದನ್ನು ಗೇಣಿಗೆ ಪಡೆದು ಹೋಟೆಲಾಗಿಸಿದರು. ಅನಂತರ ಅದು ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಆಡಳಿತಗಳ ಕೈಯಲ್ಲಿ ಹಬ್ಬಿತು. ಹೆಸರು ಒಂದೇ ಎಂಬ ಕಾರಣಕ್ಕೆ ಮನೆತನವೂ ಒಂದೇ ಎಂದು ಭಾವಿಸಲಾಗದು. 1962ರಲ್ಲಿ ತೆರೆದ ಮದ್ರಾಸಿನ ಡ್ರೈವ್-ಇನ್ ಹೋಟೆಲು 2008ರಲ್ಲಿ ಮುಚ್ಚಿತು. ಆ ನೆಲದಲ್ಲಿ 2010ರಿಂದ ಸೆಮ್ಮೊಳಿ ಪೂಂಗಾ ಉದ್ಯಾನವಿದೆ. ಕಟ್ಟಡವೇ ಇಲ್ಲವಾದ ಮೇಲೆ ಉಳಿಯುವುದು ಛಾಯಾಚಿತ್ರ, ರಸೀದಿ, ತಿಂಡಿಪಟ್ಟಿಗಳು ಮಾತ್ರ. ಇವನ್ನು ಹಳೆಯ ಕಾಗದವೆಂದು ಮಾರಿಬಿಡುವುದೇ ವಾಡಿಕೆ.

ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ (ಎಂ.ಟಿ.ಆರ್.) ಮತ್ತೊಂದು ಬಗೆಯ ನಿದರ್ಶನ. ಸ್ಥಾಪನೆಯ ವರ್ಷ 1924 ಎಂಬುದರಲ್ಲಿ ಸಾಮಾನ್ಯ ಒಮ್ಮತವಿದೆ. ಸ್ಥಾಪಕರ ವಿಷಯದಲ್ಲಿ ಬರಹಗಳು ಒಂದೇ ಬಗೆಯಾಗಿಲ್ಲ: ಕೆಲವೆಡೆ ಯಜ್ಞನಾರಾಯಣ ಮಯ್ಯರ ಹೆಸರು ಮುಂದಿದೆ, ಕೆಲವೆಡೆ ಪರಮೇಶ್ವರ ಮಯ್ಯ ಮತ್ತು ಗಣಪಯ್ಯ ಮಯ್ಯರನ್ನೂ ಸೇರಿಸಿ ಪಾರಂಪಳ್ಳಿಯ ಸಹೋದರರೆಲ್ಲರ ಹೆಸರಿದೆ. ಒಬ್ಬರನ್ನೇ ಆರಿಸಿ ಫಲಕ ಬರೆಸುವುದು ಸುಲಭ. ‘ಸಹೋದರರು’ ಎಂದು ಬರೆದು, ಯಾವ ಬರಹ ಯಾರನ್ನು ಹೆಸರಿಸುತ್ತದೆಂಬುದನ್ನು ಕಡತದಲ್ಲಿ ದಾಖಲಿಸುವುದು ಸರಿಯಾದ ಕ್ರಮ. ಲಾಲ್‌ಬಾಗ್ ರಸ್ತೆಯ ಈಗಿನ ಕಟ್ಟಡಕ್ಕೆ ಹೋಟೆಲು ಬಂದದ್ದು 1960ರಲ್ಲಿ. ಆದ್ದರಿಂದ ಆ ಕಟ್ಟಡದ ಚಿತ್ರದ ಕೆಳಗೆ 1924 ಎಂದು ಬರೆಯುವುದು ಕೂಡ ದೋಷವೇ. 2007ರಲ್ಲಿ ಸಿದ್ಧ ಆಹಾರದ ಕಂಪೆನಿ ನಾರ್ವೆಯ ಒರ್ಕ್ಲಾ ಸಂಸ್ಥೆಗೆ ಮಾರಾಟವಾಯಿತು, ಹೋಟೆಲು ಕುಟುಂಬದಲ್ಲೇ ಉಳಿಯಿತು. ಹೀಗಾಗಿ ಒಂದೇ ಮನೆಯ ಚರಿತ್ರೆಗಾಗಿ ಇಬ್ಬರು ಒಡೆಯರ ಬಾಗಿಲು ತಟ್ಟಬೇಕಾಗಿದೆ.

ರವೆ ಇಡ್ಲಿ ಈ ಹೋಟೆಲಿನ ಆವಿಷ್ಕಾರ, ಎರಡನೆಯ ಮಹಾಯುದ್ಧದ ಅಕ್ಕಿಯ ಅಭಾವ ಅದಕ್ಕೆ ಕಾರಣ ಎಂಬ ಹೇಳಿಕೆ ಪ್ರಸಿದ್ಧವಾಗಿದೆ. ಇದರಲ್ಲಿ ಎರಡು ಪದರಗಳಿವೆ. 1942ರಲ್ಲಿ ಜಪಾನೀಯರು ಬರ್ಮಾವನ್ನು ಆಕ್ರಮಿಸಿದ್ದು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತದ್ದು ದಾಖಲಿತ ಸಂಗತಿ. ಮೊದಲ ರವೆ ಇಡ್ಲಿ ಇಂತಹ ಅಡುಗೆಮನೆಯಲ್ಲೇ ಬೆಂದಿತು ಎಂಬುದು ಮನೆತನದ ಹೇಳಿಕೆ. ಅದನ್ನು ಅಲ್ಲಗಳೆಯಬೇಕಿಲ್ಲ, ‘ಹೋಟೆಲಿನ ಹೇಳಿಕೆಯಂತೆ’ ಎಂಬ ಎರಡು ಪದ ಸಾಕು. ಮಸಾಲೆ ದೋಸೆಯ ಕೀರ್ತಿಯನ್ನು ಕೃಷ್ಣರಾಯರಿಗೆ ಸಲ್ಲಿಸುವ ಬರಹಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಹನ್ನೆರಡನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ದೋಸೆಯ ಪೂರ್ವರೂಪವಿದೆ, ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆಯ ಉಲ್ಲೇಖವಿದೆ. ಆಲೂಗಡ್ಡೆ ಪಲ್ಯವನ್ನು ಒಳಗಿಟ್ಟು ಬಡಿಸಿದ ಕೈ ಯಾವುದು ಎಂಬುದು ಬೇರೆಯದೇ ಪ್ರಶ್ನೆ. ಮನೆಯ ಹೆಂಗಸರ ಅಡುಗೆಯಿಂದ ಹೋಟೆಲಿಗೆ ಬಂದ ಪಾಕಗಳಿಗಂತೂ ಕರ್ತೃವೆಂದು ಯಾರ ಹೆಸರೂ ಉಳಿದಿಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ಜಾತಿಯ ಪ್ರಶ್ನೆ. ಎಂ.ಟಿ.ಆರ್.ನ ಮೊದಲ ಹೆಸರು ಬ್ರಾಹ್ಮಣ್ ಕಾಫಿ ಕ್ಲಬ್. ಇಂತಹ ಹೆಸರುಗಳು ಅಂದು ಸಾಮಾನ್ಯವಾಗಿದ್ದವು. ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಪಂಕ್ತಿಯೂ ಇತ್ತು. 1957ರಲ್ಲಿ ಮದ್ರಾಸಿನಲ್ಲಿ ಪೆರಿಯಾರ್ ಅವರು ಹೋಟೆಲುಗಳ ನಾಮಫಲಕದಲ್ಲಿನ ‘ಬ್ರಾಹ್ಮಣ’ ಪದದ ವಿರುದ್ಧ ಚಳವಳಿ ನಡೆಸಿದರು. ಸ್ಥಾಪಕರನ್ನು ಗೌರವಿಸುವ ಭರದಲ್ಲಿ ಹಳೆಯ ಹೆಸರನ್ನು ಮೆಲ್ಲನೆ ಬಿಟ್ಟುಬಿಡುವುದು ಶಿಷ್ಟಾಚಾರವೆನಿಸಬಹುದು, ಚರಿತ್ರೆಯೆನಿಸದು. ಅಮೆರಿಕದ ಗ್ರೀನ್ಸ್‌ಬರೊ ನಗರದಲ್ಲಿ 1960ರ ಫೆಬ್ರವರಿ 1ರಂದು ನಾಲ್ವರು ಕಪ್ಪು ವಿದ್ಯಾರ್ಥಿಗಳು ತಮಗೆ ಊಟ ನಿರಾಕರಿಸಿದ ವುಲ್‌ವರ್ತ್ ಅಂಗಡಿಯ ಊಟದ ಕಟ್ಟೆಯ ಮುಂದೆ ಕುಳಿತರು. ಆ ಕಟ್ಟೆಯ ಒಂದು ಭಾಗ ಇಂದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿದೆ. ಮೂಲ ಕಟ್ಟಡವೂ 2010ರಿಂದ ಸಂಗ್ರಹಾಲಯವೇ ಆಗಿದೆ. ಅಲ್ಲಿ ಪ್ರದರ್ಶಿತವಾಗಿರುವುದು ಬಡಿಸಿದವರ ಸಾಧನೆಯಲ್ಲ, ಬಡಿಸದೆ ಹೋದದ್ದರ ಸಾಕ್ಷ್ಯ. ಪ್ರತ್ಯೇಕ ಪಂಕ್ತಿಯ ಒಂದು ಹಳೆಯ ಫಲಕ ದೊರೆತರೆ ನಮ್ಮ ಸಂಗ್ರಹಾಲಯಗಳು ಅದನ್ನು ಎಲ್ಲಿ ತೂಗುಹಾಕುತ್ತವೆಂಬುದು ಕುತೂಹಲದ ವಿಷಯ.

ಸಮುದಾಯದ ಒಳಗಿನವರನ್ನೇ ಕೆಲಸಕ್ಕೆ ಆರಿಸಿಕೊಳ್ಳುವ ರೂಢಿಯನ್ನು ಇವರ್ಸನ್ ಮತ್ತು ರಾಘವೇಂದ್ರ ಅವರ 2006ರ ಅಧ್ಯಯನ ಚರ್ಚಿಸುತ್ತದೆ. ಉಡುಪಿ ಹೋಟೆಲುಗಳನ್ನು ಕುರಿತ ಮ್ಯಾಡ್ಸನ್ ಮತ್ತು ಗಾರ್ಡೆಲ್ಲಾ ಅವರ ಪ್ರಬಂಧ ಪ್ರಕಟವಾದದ್ದು 2012ರಲ್ಲಿ. ಈ ಬಗೆಯ ಕೆಲಸ ಮುಂದುವರಿಯಬೇಕಾದರೆ ಮಾಲಿಕರ ಕಿರ್ದಿ-ಖಾತೆಗಳ ಜೊತೆಗೆ ಕೆಲಸಗಾರರ ದಾಖಲೆಗಳೂ ಬೇಕು. ಸಂಬಳದ ಪುಸ್ತಕ, ಊರಿಗೆ ಕಳುಹಿಸಿದ ಮನಿಯಾರ್ಡರಿನ ರಸೀದಿ, ಭಟ್ಟರ ಮತ್ತು ಸಪ್ಲೈಯರುಗಳ ಮೌಖಿಕ ನಿರೂಪಣೆ ಇವುಗಳಲ್ಲಿ ಸೇರುತ್ತವೆ. ಹಗಲು ಮೇಜು ಒರೆಸಿ ರಾತ್ರಿ ಓದಿದ ಹುಡುಗರ ವಯಸ್ಸು, ಊರು, ತಂದೆಯ ಹೆಸರುಗಳನ್ನು ಅರಿಯಲು ಮುಂಬಯಿಯ ಕನ್ನಡ ರಾತ್ರಿಶಾಲೆಗಳ ದಾಖಲಾತಿ ವಹಿಗಳಂತಹ ಆಕರ ಬೇರೊಂದಿಲ್ಲ. ಹೋಟೆಲುಗಳಲ್ಲಿ ಹದಿನಾಲ್ಕರೊಳಗಿನ ಮಕ್ಕಳ ದುಡಿಮೆ ಕಾನೂನಿನಿಂದ ನಿಷಿದ್ಧವಾದದ್ದು 2006ರ ಅಕ್ಟೋಬರಿನಲ್ಲಿ. ಅದಕ್ಕೆ ಮುಂಚಿನ ದಶಕಗಳ ವಹಿಗಳು ಶಾಲೆಗಳ ಬೀರುಗಳಲ್ಲಿ ಉಳಿದಿದ್ದರೆ, ಗೆದ್ದಲು ತಿನ್ನುವ ಮುನ್ನ ಅವುಗಳ ಪ್ರತಿಬಿಂಬ ತೆಗೆಯುವ ಕೆಲಸ, ಮತ್ತೊಂದು ಭಾವಚಿತ್ರ ಅನಾವರಣಕ್ಕಿಂತ ಮೊದಲು ನಡೆಯಬೇಕಾಗಿದೆ.