ಎರಡು ತಪ್ಪುಗಳ ನಡುವಣ ಅಂತರ

ಡಿ.ಎಲ್.ಎಡ್. ವ್ಯಾಸಂಗದ ಪ್ರಶಿಕ್ಷಣಾರ್ಥಿಗಳು ಬೋಧನಾಭ್ಯಾಸಕ್ಕೆಂದು ಪ್ರಾಥಮಿಕ ಶಾಲೆಯೊಂದಕ್ಕೆ ಹೋಗಿ, ಕೆಲವು ವಾರಗಳ ಕಾಲ ಅಲ್ಲಿಯ ಮಕ್ಕಳಿಗೆ ಗಣಿತವನ್ನು ಬೋಧಿಸಿ, ತಮ್ಮ ಸಂಸ್ಥೆಗೆ ಮರಳುವ ವೇಳೆಗೆ, ತಾವು ಕಲಿಸಿದುದರಿಂದ ಮಕ್ಕಳು ಎಷ್ಟು ಮುಂದುವರಿದರೆಂಬುದಕ್ಕೆ ಏನಾದರೊಂದು ಪ್ರಮಾಣವನ್ನು ಒದಗಿಸಬೇಕಾಗುತ್ತದೆ. ಅದಕ್ಕೆ ರೂಢಿಯಲ್ಲಿರುವ ಕ್ರಮ ಸರಳವಾದುದು: ಪಾಠಕ್ಕೆ ಮೊದಲು ಒಂದು ಪೂರ್ವಪರೀಕ್ಷೆ, ಪಾಠವು ಮುಗಿದ ಬಳಿಕ ಒಂದು ಉತ್ತರಪರೀಕ್ಷೆ, ಎರಡರ ಅಂಕಗಳ ವ್ಯತ್ಯಾಸವೇ ಪ್ರಗತಿ. ಈ ಕ್ರಮವನ್ನು ತಳ್ಳಿಹಾಕುವಂತಿಲ್ಲ. ಆದರೆ ಅಂಕಗಳನ್ನೇ ನೆಚ್ಚಿ ಕುಳಿತರೆ ಮಗುವಿನ ಬೆಳವಣಿಗೆಯ ಅತ್ಯಂತ ಅಮೂಲ್ಯವಾದ ಭಾಗವು ಕಣ್ತಪ್ಪಿ ಹೋಗುತ್ತದೆ.

ಮೂರನೆಯ ತರಗತಿಯ ಮಗುವೊಂದಕ್ಕೆ 62ರಲ್ಲಿ 38ನ್ನು ಕಳೆಯುವ ಲೆಕ್ಕವನ್ನು ಕೊಟ್ಟೆವೆಂದು ಭಾವಿಸೋಣ. ಪೂರ್ವಪರೀಕ್ಷೆಯಲ್ಲಿ ಮಗುವು 36 ಎಂದು ಬರೆಯುತ್ತದೆ. ಎರಡು ವಾರಗಳ ಪಾಠದ ಅನಂತರ ಅಂಥದೇ ಲೆಕ್ಕಕ್ಕೆ, 62ರಲ್ಲಿ 38ನ್ನು ಕಳೆದು 34 ಎಂದು ಬರೆಯುವ ರೀತಿಯಲ್ಲಿ ಉತ್ತರಿಸುತ್ತದೆ. ಸರಿಯುತ್ತರ 24 ಆದುದರಿಂದ ಎರಡಕ್ಕೂ ಸೊನ್ನೆಯೇ ಅಂಕ, ಅಂಕಪಟ್ಟಿಯ ಪ್ರಕಾರ ಪ್ರಗತಿಯೂ ಸೊನ್ನೆಯೇ. ಆದರೆ ಮೊದಲ ಉತ್ತರವನ್ನು ಬರೆದಾಗ ಆ ಮಗುವು 2ರಲ್ಲಿ 8 ಹೋಗದೆಂದು ಕಂಡು, ಮೇಲು ಕೆಳಗೆಂಬ ಭೇದವನ್ನೇ ಮರೆತು, ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದುಬಿಟ್ಟಿತ್ತು. ಎರಡನೆಯ ಸಲ ಅದು ಹತ್ತರ ಸ್ಥಾನದಿಂದ ಒಂದು ಹತ್ತನ್ನು ಸಾಲ ತಂದು, 12ರಲ್ಲಿ 8ನ್ನು ಕಳೆದು 4 ಎಂದು ಸರಿಯಾಗಿಯೇ ಬರೆದು, ಕೊಟ್ಟ ಮನೆಯಲ್ಲಿ ಒಂದು ಕಡಿಮೆಯಾಯಿತೆಂಬುದನ್ನು ಮಾತ್ರ ಲಕ್ಷಿಸಲಿಲ್ಲ. ಈ ಎರಡು ತಪ್ಪುಗಳ ನಡುವೆ ಸ್ಥಾನಬೆಲೆಯ ತತ್ತ್ವವೇ ಅಡಗಿದೆ. ಇಷ್ಟು ದೂರವನ್ನು ಕ್ರಮಿಸಿದ ಮಗುವನ್ನು ಇದ್ದಲ್ಲೇ ಇದೆ ಎನ್ನುವುದು ಆ ಮಗುವಿಗೂ ಕಲಿಸಿದವರಿಗೂ ಮಾಡುವ ಅನ್ಯಾಯವೆಂದೇ ನನ್ನ ಭಾವನೆ.

ಮಕ್ಕಳ ತಪ್ಪುಗಳು ಅನೇಕ ವೇಳೆ ಅಜಾಗರೂಕತೆಯ ಫಲವಲ್ಲ, ದೋಷಯುಕ್ತವಾದರೂ ನಿಯಮಬದ್ಧವಾದ ವಿಧಾನದ ಫಲ ಎಂಬುದನ್ನು ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಸಂಶೋಧಕರು 1978ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿಸ್ತಾರವಾಗಿ ನಿರೂಪಿಸಿದರು. ನಿಕರಾಗುವಾ ದೇಶದ ಸಾವಿರದ ಮುನ್ನೂರಕ್ಕೂ ಹೆಚ್ಚು ಮಕ್ಕಳ ಕಳೆಯುವ ಲೆಕ್ಕಗಳನ್ನು ಅವರು ಪರಿಶೀಲನೆಗೆ ಎತ್ತಿಕೊಂಡಿದ್ದರು. ನಮ್ಮ ಪ್ರಸ್ತುತ ವಿಷಯಕ್ಕೆ ಇನ್ನೂ ಹತ್ತಿರವಾದ ಸಂಗತಿಯೆಂದರೆ, ‘ಬಗ್ಗಿ’ ಎಂಬ ಅವರ ಗಣಕಯಂತ್ರದ ಆಟವು ತಪ್ಪು ವಿಧಾನವೊಂದನ್ನು ಅನುಸರಿಸುವ ವಿದ್ಯಾರ್ಥಿಯ ಪಾತ್ರವನ್ನು ವಹಿಸುತ್ತಿತ್ತು. ಎದುರಿಗೆ ಕುಳಿತ ಪ್ರಶಿಕ್ಷಣಾರ್ಥಿಯು ಲೆಕ್ಕಗಳನ್ನು ಒಡ್ಡುತ್ತ, ಉತ್ತರಗಳನ್ನು ನೋಡಿ, ಆ ವಿಧಾನ ಯಾವುದೆಂದು ಕಂಡುಹಿಡಿಯಬೇಕಾಗಿತ್ತು.

ಹೀಗಾಗಿ ಪೂರ್ವಪರೀಕ್ಷೆಯು ಮೊದಲಿಗೆ ನೈದಾನಿಕ ಪರೀಕ್ಷೆಯಾಗಿರಬೇಕು. 68ರಲ್ಲಿ 35, 62ರಲ್ಲಿ 38, 60ರಲ್ಲಿ 38, 403ರಲ್ಲಿ 127 ಎಂಬ ನಾಲ್ಕು ಲೆಕ್ಕಗಳು ತೋರಿಕೆಗೆ ಒಂದೇ ಜಾತಿಯವಾದರೂ ಒಂದೊಂದೂ ಬೇರೆ ಬೇರೆ ಮೆಟ್ಟಿಲು: ಮೊದಲನೆಯದರಲ್ಲಿ ಸಾಲವಿಲ್ಲ, ಎರಡನೆಯದರಲ್ಲಿ ಉಂಟು, ಮೂರನೆಯದರಲ್ಲಿ ಮೇಲಿನ ಬಿಡಿ ಸ್ಥಾನವೇ ಸೊನ್ನೆ, ನಾಲ್ಕನೆಯದರಲ್ಲಿ ಸಾಲ ಕೊಡಬೇಕಾದ ಹತ್ತರ ಸ್ಥಾನವೇ ಬರಿದು. ಈ ಕಡೆಯ ಲೆಕ್ಕಕ್ಕೆ 276ರ ಬದಲು 226 ಎಂದು ಬರೆದ ಮಗುವು, ಸೊನ್ನೆಯನ್ನು ದಾಟಿ ನೇರವಾಗಿ ನೂರರ ಸ್ಥಾನದಿಂದ ಸಾಲ ತಂದು, ಹತ್ತರ ಸ್ಥಾನದಲ್ಲಿ ಮತ್ತೆ ಚಿಕ್ಕದನ್ನು ದೊಡ್ಡದರಿಂದ ಕಳೆಯುವ ಹಳೆಯ ಉಪಾಯವನ್ನೇ ಹಿಡಿದಿರಬಹುದು. ಕೈತಪ್ಪಿ ಬಂದ ಉತ್ತರವನ್ನು ವಿಧಾನವೆಂದು ಭ್ರಮಿಸದಿರಲು ಪ್ರತಿಯೊಂದು ಬಗೆಯಲ್ಲಿಯೂ ಎರಡು ಮೂರು ಲೆಕ್ಕಗಳಾದರೂ ಇರುವುದು ಅವಶ್ಯ. ಉತ್ತರಪರೀಕ್ಷೆಯಲ್ಲಿ ಬಗೆಗಳು ಅವೇ ಇದ್ದು ಸಂಖ್ಯೆಗಳು ಬದಲಾಗಬೇಕು. ಇಲ್ಲವಾದರೆ ಅಳೆದಂತಾಗುವುದು ಮಗುವಿನ ಜ್ಞಾಪಕಶಕ್ತಿಯನ್ನು. ಕಾಗದವು ಹೇಳದುದನ್ನು ಮಗುವೇ ಹೇಳುತ್ತದೆ: ಹತ್ತರ ಕಟ್ಟುಗಳನ್ನೂ ಬಿಡಿ ಕಡ್ಡಿಗಳನ್ನೂ ಮುಂದಿಟ್ಟು, “ಇದನ್ನು ಹೇಗೆ ಮಾಡಿದೆ, ನನಗೂ ತೋರಿಸು ಪುಟ್ಟಾ” ಎಂದು ಕೇಳಿ, ತಿದ್ದುವ ಆತುರವನ್ನು ತಡೆದುಕೊಂಡು ಕೇಳಿಸಿಕೊಂಡರೆ ಸಾಕು.

ಅಂಕಗಳನ್ನು ಹೋಲಿಸುವಲ್ಲಿಯೂ ವಿವೇಚನೆ ಬೇಕು. ನೂರಕ್ಕೆ 20 ಪಡೆದ ತರಗತಿ 60ಕ್ಕೆ ಏರಿದರೆ 40ರ ಏರಿಕೆ, 80 ಪಡೆದದ್ದು 90ಕ್ಕೆ ಏರಿದರೆ ಕೇವಲ 10. ಭೌತವಿಜ್ಞಾನದ ಅಧ್ಯಾಪಕ ರಿಚರ್ಡ್ ಹೇಕ್ 1998ರಲ್ಲಿ ಪ್ರಸಿದ್ಧಿಗೆ ತಂದ ಕ್ರಮದಂತೆ, ಏರಲು ಉಳಿದಿದ್ದ ಅವಕಾಶದಲ್ಲಿ ಏರಿದುದೆಷ್ಟು ಎಂದು ಲೆಕ್ಕ ಹಾಕಿದರೆ, ಮೊದಲನೆಯದು 80ರಲ್ಲಿ 40, ಎರಡನೆಯದು 20ರಲ್ಲಿ 10, ಎರಡೂ ಅರ್ಧಕ್ಕರ್ಧ. ತರಗತಿಯ ಸರಾಸರಿಗೆ ಇದು ಒಪ್ಪುವ ಅಳತೆ. ಹತ್ತೇ ಲೆಕ್ಕಗಳ ಪರೀಕ್ಷೆಯಲ್ಲಿ ಒಂದೊಂದು ಮಗುವಿಗೂ ಇದನ್ನು ಅನ್ವಯಿಸುವುದು ತರವಲ್ಲ. ಅತ್ಯಂತ ಕಡಿಮೆ ಅಂಕ ಬಂದವರನ್ನೇ ಆರಿಸಿ ಪರಿಹಾರ ಬೋಧನೆ ನಡೆಸಿದಾಗಲಂತೂ ಇನ್ನೂ ಎಚ್ಚರ ಬೇಕು: ಅಂದು ಜ್ವರದಲ್ಲಿದ್ದವರು, ಗಾಬರಿಗೊಂಡವರು ಆ ಗುಂಪಿನಲ್ಲಿ ಸೇರಿರುತ್ತಾರಾದ್ದರಿಂದ, ಬೋಧನೆಯೇ ಇಲ್ಲದಿದ್ದರೂ ಆ ಗುಂಪಿನ ಸರಾಸರಿಯು ಎರಡನೆಯ ಸಲ ತುಸು ಮೇಲೇರುವ ಸಂಭವವೇ ಹೆಚ್ಚು. 1886ರಲ್ಲಿ ಫ್ರಾನ್ಸಿಸ್ ಗಾಲ್ಟನ್ ತಂದೆತಾಯಿ ಮತ್ತು ಮಕ್ಕಳ ಎತ್ತರಗಳನ್ನು ಹೋಲಿಸಿ ಗುರುತಿಸಿದ, ಸರಾಸರಿಯ ಕಡೆಗೆ ಹಿಂದಿರುಗುವ ಪ್ರವೃತ್ತಿಯಿದು.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ-ಕಲಿಯು, ಕಲಿಕಾ ಏಣಿಯಲ್ಲಿ ಪ್ರತಿ ಮಗುವೂ ಯಾವ ಮೆಟ್ಟಿಲಿನಲ್ಲಿದೆಯೆಂದು ಗುರುತಿಸುವ ಪದ್ಧತಿಯನ್ನು ನಮ್ಮ ಶಾಲೆಗಳಿಗೆ ಪರಿಚಯಿಸಿಕೊಟ್ಟಿದೆ. ಪ್ರಶಿಕ್ಷಣಾರ್ಥಿಯು ಅದರ ಜೊತೆಗೆ, ಮಗುವು ಯಾವ ತಪ್ಪಿನಿಂದ ಯಾವ ತಪ್ಪಿಗೆ ಬಂದಿದೆಯೆಂಬ ಒಂದು ಸಾಲನ್ನು ಬರೆದಿಟ್ಟರೆ, ತಾನು ಹೊರಟ ಮೇಲೆ ತಿಂಗಳೊಪ್ಪತ್ತಿನಲ್ಲಿ ಅದೇ ಬಗೆಯ ಲೆಕ್ಕಗಳನ್ನು ಮತ್ತೊಮ್ಮೆ ಕೊಟ್ಟು, ಕಲಿತದ್ದು ಉಳಿದಿದೆಯೇ ಎಂದು ನೋಡಲು ತರಗತಿಯ ಶಿಕ್ಷಕರಿಗೆ ಆಧಾರವೊಂದು ಸಿಕ್ಕಂತಾಗುತ್ತದೆ. ಪಾಠಯೋಜನೆಯ ಪುಸ್ತಕಕ್ಕೆ ಅಂಕ ಕೊಡುವ ಶಿಕ್ಷಣ ಸಂಸ್ಥೆಗಳು ಈ ದಾಖಲೆಗೂ ಅಷ್ಟೇ ಅಂಕಗಳನ್ನು ಮೀಸಲಿಡಬೇಕೆಂದು ನಾನು ಬಯಸುತ್ತೇನೆ.